ಹನ್ನೊಂದೂವರೆಯ ತನಕ

ನನ್ನ ಮಗಳು ಸರ್ಕಾರಿ ಅಧಿಕಾರಿಯಾಗುವ ಪರೀಕ್ಷೆಗೆ ಓದುತ್ತಿದ್ದಾಳೆ. ಅದರಲ್ಲಿ ನೀತಿಶಾಸ್ತ್ರಕ್ಕೇ ಒಂದು ಪತ್ರಿಕೆ ಇದೆ ಎಂಬುದು ಈ ಜನವರಿಯವರೆಗೂ ನನಗೆ ಗೊತ್ತಿರಲಿಲ್ಲ. ಯಾವುದು ಸರಿ, ಯಾವುದು ತಪ್ಪು ಎಂಬುದನ್ನು ಮೂರು ತಾಸಿನಲ್ಲಿ ಬರೆದು ಮುಗಿಸಬೇಕಂತೆ. ಕಳೆದ ಮೇ ತಿಂಗಳಲ್ಲಿ ಅವಳ ಅಪ್ಪ ತೀರಿಕೊಂಡ ಮೇಲೆ ಪುಣೆಯ ಕ್ಲಾಸು ಬಿಟ್ಟು ಬಂದಳು. ಈಗ ಕೋರಾಡಿ ರಸ್ತೆಯ ನಮ್ಮ ಮನೆಯಲ್ಲೇ, ಅವರು ಪೇಪರು ಓದುತ್ತಿದ್ದ ಕುರ್ಚಿಯಲ್ಲಿ ಕೂತು ಓದುತ್ತಾಳೆ.

ಒಂದು ಮಧ್ಯಾಹ್ನ ನಾನು ವರಾಂಡದ ಬಿಸಿಲಿನಲ್ಲಿ ಹಸಿ ತೊಗರಿಕಾಯಿ ಸುಲಿಯುತ್ತಿದ್ದೆ. ಅವಳು ಒಂದು ಹಾಳೆ ಹಿಡಿದು ಬಂದು ಎದುರು ಕೂತಳು. ಹಾಳೆಯಲ್ಲಿ ಹತ್ತು ಪ್ರಶ್ನೆಗಳಿದ್ದವು. ನಾನು ಓದಿದ್ದು ಹತ್ತನೆಯ ಇಯತ್ತೆ, ಹಾಗಾಗಿ ಮನೆಯ ಮಾತಿನಲ್ಲೇ ಬಿಡಿಸಿ ಹೇಳಿದಳು. ನೀತಿಯ ಬಗ್ಗೆ ಯೋಚಿಸುವವರಲ್ಲಿ ಮುಖ್ಯವಾಗಿ ಮೂರು ಪಂಗಡ. ಒಂದು ಪಂಗಡ ಫಲ ನೋಡುತ್ತದೆ, ಹೆಚ್ಚು ಜನರಿಗೆ ಒಳ್ಳೆಯದಾದರೆ ಅದೇ ಸರಿ ಎನ್ನುತ್ತದೆ. ಇನ್ನೊಂದು ನೇಮ ನೋಡುತ್ತದೆ, ಕೊಟ್ಟ ಮಾತು ಕೊಟ್ಟ ಮಾತೇ. ಮೂರನೆಯದು ಮನುಷ್ಯನ ಗುಣ ನೋಡುತ್ತದೆ, ಸದ್ಗುಣಿಯಾದವನು ಈ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದ ಎಂದು ಕೇಳುತ್ತದೆ. ನಾವೆಲ್ಲ ನಮಗೆ ಗೊತ್ತಿಲ್ಲದೆಯೇ ಇವುಗಳಲ್ಲಿ ಒಂದಕ್ಕೆ ಸೇರಿರುತ್ತೇವಂತೆ.

"ನನ್ನ ಗೆಳತ್ಯಾರೆಲ್ಲಾ ಫಲದವರು. ಅಪ್ಪ ಇದ್ದಿದ್ರ ಬರೋಬರ್ ನೇಮದವ. ನೀ ಯಾವ ಪೈಕಿ ನೋಡೂಣು" ಎಂದಳು.

ನಾನು ನಕ್ಕೆ. ಆದರೆ ಕೈಯಲ್ಲಿದ್ದ ಕಾಯಿ ಅಲ್ಲೇ ಉಳಿಯಿತು. ಎಂಟು ತಿಂಗಳಿನಿಂದ ಯಾರಿಗೂ ಹೇಳದ ಒಂದು ಸಂಗತಿ ನನ್ನಲ್ಲಿತ್ತು. ಮಾಡಿದ್ದು ತಪ್ಪಲ್ಲ ಎಂದು ಯಾರಾದರೂ ಹೇಳಿಯಾರೇ ಎಂದು ಕಾಯುತ್ತಿದ್ದೆ. ಈ ಮೂರು ಪಂಗಡಗಳಲ್ಲಿ ಒಂದಾದರೂ ನನ್ನನ್ನು ಬಿಟ್ಟುಕೊಡಲಿಕ್ಕಿಲ್ಲ ಅನ್ನಿಸಿತು.

ಸಂಗತಿ ಇಷ್ಟು. ನಾಲ್ಕು ವರ್ಷದ ಹಿಂದೆ ನಮ್ಮೂರ ಸದರ್ ಪೇಟೆಯಲ್ಲಿ ಒಂದು ನೇತ್ರದಾನದ ಶಿಬಿರವಿತ್ತು. ನನ್ನ ಗಂಡ ಹೆಸರು ಬರೆಸಿದರು, ನನ್ನ ಹೆಸರನ್ನೂ ಬರೆಸಿದರು. ರಿಜಿಸ್ಟರು ಹಿಡಿದಿದ್ದ ತೆಳ್ಳಗಿನ ಮನುಷ್ಯ ಎಲ್ಲವನ್ನೂ ಸಾವಧಾನವಾಗಿ ಹೇಳಿಕೊಟ್ಟ. ಆರು ತಾಸಿನೊಳಗೆ ಫೋನ್ ಮಾಡಬೇಕು. ಅಲ್ಲಿಯ ತನಕ ಕಣ್ಣು ಮುಚ್ಚಿ ಒದ್ದೆ ಹತ್ತಿ ಇಡಬೇಕು, ಫ್ಯಾನು ನಿಲ್ಲಿಸಬೇಕು, ತಲೆಯ ಕೆಳಗೆ ದಿಂಬು ಎತ್ತರಿಸಬೇಕು. ಎರಡು ಕಣ್ಣು ಅಂದರೆ ಇಬ್ಬರು ಮನುಷ್ಯರಿಗೆ ನೋಟ ಎಂದ. ದಪ್ಪ ಕನ್ನಡಕದ ಕಣ್ಣು ನಡೆಯುತ್ತದೆಯೇ ಎಂದು ಇವರು ಕೇಳಿದರು. ನಡೆಯುತ್ತದೆ ಎಂದು ಅವನು ನಮ್ಮಿಬ್ಬರ ದಾನದ ಕಾರ್ಡುಗಳ ಹಿಂದೆ ತನ್ನ ಹೆಸರು, ಮೊಬೈಲ್ ನಂಬರು ಬರೆದುಕೊಟ್ಟ. ಬಸ್ಸಿನಲ್ಲಿ ಇವರು, "ಫೋನ್ ನೀ ಮಾಡಬೇಕು ಮತ್ತ, ಅಳಕೋತ ಕೂಡಬ್ಯಾಡ" ಎಂದಿದ್ದರು. ಆಯಿತು ಎಂದಿದ್ದೆ.

ಮೇ ತಿಂಗಳ ಒಂದು ನಸುಕಿನಲ್ಲಿ, ಐದೂವರೆಗೆ, ಅವರ ಹೃದಯ ನಿಂತಿತು. ಪಕ್ಕದ ಗಲ್ಲಿಯ ಡಾಕ್ಟರು ಬಂದು ಚೀಟಿ ಬರೆದುಕೊಟ್ಟು ಹೋದರು. ನಾನು ಅವರ ಕಣ್ಣು ಮುಚ್ಚಿದೆ, ಹತ್ತಿ ತೋಯಿಸಿ ಇಟ್ಟೆ. ಕೂಲರು, ಫ್ಯಾನು ಎರಡನ್ನೂ ನಿಲ್ಲಿಸಿದೆ. ಎರಡು ದಿಂಬು ಇಟ್ಟೆ. ಕಪಾಟಿನಿಂದ ಅವರ ಕಾರ್ಡು ತಂದು ಫೋನಿನ ಪಕ್ಕ ಇಟ್ಟುಕೊಂಡೆ. ಎಂಟಕ್ಕೆ ಕಾಮಠಿಯಿಂದ ನಾದಿನಿ ಬಂದವಳೇ, "ಇಂಥಾ ಝಳದಾಗ ಫ್ಯಾನ್ ಯಾಕ ಬಂದ್ ಮಾಡೀರಿ ವೈನಿ?" ಎಂದು ಹಚ್ಚಿದಳು. ನಾನು ಎದ್ದು ಮತ್ತೆ ನಿಲ್ಲಿಸಿದೆ. ಹತ್ತಿ ಒಣಗಿದಾಗಲೆಲ್ಲ ತೋಯಿಸಿದೆ. ಗೋಡೆಯ ಗಡಿಯಾರ ನೋಡುತ್ತಲೇ ಇದ್ದೆ. ಫೋನು ಮಾತ್ರ ಮಾಡಲಿಲ್ಲ.

ಹನ್ನೊಂದೂವರೆ ದಾಟಿದಾಗ ನನಗೆ ಹಗುರವಾಯಿತು. ಗಂಡ ತೀರಿಕೊಂಡ ದಿನವೇ ಹಾಗೆ ಹಗುರವಾದದ್ದನ್ನು ನನಗೆ ಇನ್ನೂ ಮರೆಯಲಾಗಿಲ್ಲ.

ನಾಲ್ಕಕ್ಕೆ ಮಗಳು ಬಂದಳು. ಅತ್ತು ಸುಧಾರಿಸಿಕೊಂಡು ಮೊದಲು ಕೇಳಿದ್ದೇ ಕಣ್ಣಿನ ವಿಷಯ. ಫೋನ್ ಮಾಡಿದ್ದೆ, ಯಾರೂ ಬರಲಿಲ್ಲ ಎಂದೆ. ಹೇಳಬೇಕೆಂದು ಯೋಚಿಸಿಟ್ಟ ಸುಳ್ಳಲ್ಲ, ಬಾಯಿಂದ ಬಂದುಬಿಟ್ಟಿತು. ನನ್ನ ಫೋನು ತೆಗೆದು ನೋಡಲು ಅವಳಿಗೆ ಎಂದೂ ತೋಚಲಿಲ್ಲ.

ವರಾಂಡದಲ್ಲಿ ಈಗ ಅವಳು ಪ್ರಶ್ನೆ ಕೇಳತೊಡಗಿದಳು. ಮೊದಲಿನವು ಸಣ್ಣವು. ಮದುವೆ ಮನೆಯ ಸಾರು ಉಪ್ಪಾಗಿದ್ದರೂ ಚಲೋ ಇತ್ತು ಅನ್ನುತ್ತೀಯಾ ಎಂದರೆ ಅನ್ನುತ್ತೇನೆ ಎಂದೆ. ಅದು ಸುಳ್ಳಲ್ಲವೇ ಎಂದಳು. ಅಡುಗೆ ಮಾಡಿದವರ ಮುಖವನ್ನೂ ನೋಡಬೇಕಲ್ಲ ಎಂದೆ. ಅವಳು ನಕ್ಕು ಗುರುತು ಹಾಕಿದಳು. ನಾನು ಉತ್ತರ ಕೊಡುತ್ತ ಮನಸ್ಸಿನಲ್ಲಿ ಬೇರೆಯೇ ಲೆಕ್ಕ ಹಾಕುತ್ತಿದ್ದೆ. ಫಲದವರ ಹತ್ತಿರ ಹೋದರೆ ಕಣ್ಣು ಕಾಣದೇ ಉಳಿದ ಇಬ್ಬರು ಅಲ್ಲಿ ಕೂತಿರುತ್ತಾರೆ. ನೇಮದವರ ಹತ್ತಿರ ಹೋದರೆ ಬಸ್ಸಿನಲ್ಲಿ ಕೊಟ್ಟ ಮಾತು ಇದೆ. ಗುಣದವರು ಒಳ್ಳೆಯ ಮನುಷ್ಯನನ್ನು ನೆನೆಸಿಕೋ ಎನ್ನುತ್ತಾರೆ. ನನಗೆ ನೆನಪಾಗುವುದು ಇವರೇ, ಇವರಾಗಿದ್ದರೆ ಆರು ಗಂಟೆಗೇ ಫೋನ್ ಮಾಡಿರುತ್ತಿದ್ದರು.

ಇವು ಮೂರೇ ಏನು ಎಂದು ಕೇಳಿದೆ. ಇನ್ನೊಂದಿದೆ ಎಂದಳು. ಹತ್ತಿರದವರ ಮೇಲಿನ ಕಾಳಜಿಯೇ ನೀತಿಯ ಬೇರು ಎನ್ನುವವರು. ಇದು ನನ್ನದಿರಬಹುದು ಎಂದುಕೊಂಡೆ. ಆದರೆ ಹತ್ತಿರದವಳು ಎದುರಿಗೇ ಕೂತಿದ್ದಳು, ನಾನು ಸುಳ್ಳು ಹೇಳಿದ್ದು ಅವಳಿಗೇ.

ಆರು ಪ್ರಶ್ನೆ ಮುಗಿದಿದ್ದವು. ಏಳನೆಯದಕ್ಕೆ ಮೊದಲು ಒಂದು ಪ್ರಸಂಗ ಕೇಳು, ಪರೀಕ್ಷೆಯಲ್ಲಿ ಇಂಥವೂ ಬರುತ್ತವೆ ಎಂದಳು. ಒಬ್ಬ ಮನುಷ್ಯನ ಕೆಲಸ ಫೋನು ಬಂದರೆ ಹೋಗಿ ದಾನದ ಕಣ್ಣು ತರುವುದು. ಒಂದು ಮನೆಯಿಂದ ಫೋನು ಬಂತು, ಅವನು ಹೋಗಲಿಲ್ಲ. ನೀನು ಅವನ ಮೇಲಧಿಕಾರಿ, ಏನು ಮಾಡುತ್ತೀ?

"ಇದು ಪುಸ್ತಕದಾಗಿಂದೇನು?" ಎಂದೆ.

"ಪುಸ್ತಕದ್ದಲ್ಲ, ನಮ್ಮ ಮನೀದು" ಎಂದು ಹಾಳೆಯ ಕೆಳಗಿಂದ ಇನ್ನೊಂದು ಕಾಗದ ತೆಗೆದಳು. ಆ ಶಿಬಿರದ ನೇತ್ರಬ್ಯಾಂಕಿಗೆ ಮರಾಠಿಯಲ್ಲಿ ಬರೆದ ದೂರು. ಕಾರ್ಡಿನ ಹಿಂದಿನ ನಂಬರು, ಆ ತೆಳ್ಳಗಿನ ಮನುಷ್ಯನ ಹೆಸರು ಎಲ್ಲ ಇತ್ತು. ಅಂಥವನನ್ನು ಆ ಕೆಲಸದಲ್ಲಿ ಇಟ್ಟುಕೊಳ್ಳಬಾರದು ಎಂದು ಕೊನೆಯಲ್ಲಿ ಬರೆದಿದ್ದಳು. ಇಷ್ಟು ದಿನ ಸುಮ್ಮನಿದ್ದದ್ದೇ ತಪ್ಪು, ಬೆಳಿಗ್ಗೆ ಸದರಿಗೆ ಹೋಗಿ ಕೊಟ್ಟು ಬರುತ್ತೇನೆ ಎಂದಳು.

"ಮೊದಲ ಅವನ್ನ ಕೇಳಬೇಕಲ್ಲ" ಎಂದೆ.

"ಏನಂತ ಕೇಳೂದು? ನೀ ಫೋನ್ ಮಾಡಿದ್ದಿ, ಅವ ಬರಲಿಲ್ಲ."

ತೊಗರಿಕಾಯಿಯ ಬುಟ್ಟಿ ಪಕ್ಕಕ್ಕಿಟ್ಟೆ. ಆ ಮನುಷ್ಯನ ಮುಖ ನೆನಪಿಗೆ ಬಂತು, ಕನ್ನಡಕದ ಪ್ರಶ್ನೆಗೆ ಅವನು ಇವರ ಭುಜ ಮುಟ್ಟಿ ಉತ್ತರ ಹೇಳಿದ್ದು ನೆನಪಿಗೆ ಬಂತು. ಯಾವ ಪಂಗಡದವಳಾಗಿ ಬಾಯಿ ತೆರೆದೆನೋ ತಿಳಿಯದು.

"ನಾ ಫೋನ್ ಮಾಡಿಲ್ಲ" ಎಂದೆ.

ಬೈಯುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಬೇರೆ.

"ಹತ್ತಿ ಇಟ್ಟಿದ್ದು ಖರೇನ?"

"ಖರೇ."

"ಫ್ಯಾನ್?"

"ಬಂದ್ ಮಾಡಿದ್ದೆ. ನಿಮ್ಮತ್ತಿ ಹಚ್ಚಿದ್ರು, ಮತ್ತ ಬಂದ್ ಮಾಡಿದೆ."

"ಮತ್ತ ಯಾಕವ್ವಾ?"

ಇದಕ್ಕೆ ಉತ್ತರ ಹುಡುಕಿದೆ. ಕನ್ನಡಕ ತೆಗೆದರೆ ಇವರಿಗೆ ಒಂದು ಮಾರು ದೂರದಲ್ಲಿದ್ದ ನಾನೂ ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ದಿನಾ ಎದ್ದ ಕೂಡಲೇ ಕನ್ನಡಕಕ್ಕೆ ಕೈ ಹಾಕುವ ಮೊದಲು ನಾನಿದ್ದ ಕಡೆ ತಿರುಗುತ್ತಿದ್ದರು. ಆ ಮುಂಜಾನೆ ಹತ್ತಿ ತೋಯಿಸುವಾಗಲೆಲ್ಲ ಇನ್ನೊಂದು ಸಲ ನನ್ನ ಕಡೆ ತಿರುಗಿಯಾರು ಅನ್ನಿಸುತ್ತಿತ್ತು. ಇದನ್ನು ಅವಳಿಗೆ ಹೇಳಲಾಗಲಿಲ್ಲ. ಗೊತ್ತಿಲ್ಲ ಎಂದೆ.

ಮೂರು ದಿನ ಅವಳು ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದಳು. ಆ ಪತ್ರ ಏನಾಯಿತೆಂದು ಕೇಳುವ ಧೈರ್ಯ ನನಗಿರಲಿಲ್ಲ. ಗೇಟಿನ ಸಪ್ಪಳವಾದರೆ ಸದರಿಗೆ ಹೊರಟಳೇನೋ ಎಂದು ಅಡುಗೆಮನೆಯಿಂದ ಓಡಿ ಬಂದು ನೋಡುತ್ತಿದ್ದೆ. ನಾಲ್ಕನೆಯ ದಿನ ಊಟಕ್ಕೆ ಕೂತಾಗ, ಹರಿದು ಹಾಕಿದೆ ಎಂದಳು. ಅಷ್ಟೇ.

ಊಟವಾದ ಮೇಲೆ ನಾನು ಕಪಾಟು ತೆಗೆದು ನನ್ನ ಕಾರ್ಡು ತಂದು ಅವಳ ಪುಸ್ತಕದ ಮೇಲಿಟ್ಟೆ.

"ನಂದೂ ಐತಿ. ಫೋನ್ ನೀ ಮಾಡಬೇಕಾಗತೈತಿ" ಎಂದೆ.

ಮಾಡುತ್ತೇನೆ ಎಂದು ತಕ್ಷಣ ಹೇಳುತ್ತಾಳೆ ಎಂದುಕೊಂಡಿದ್ದೆ. ಅಂದು ಬಸ್ಸಿನಲ್ಲಿ ನಾನು ಹೇಳಿದ್ದು ಹಾಗೆಯೇ. ಅವಳು ಕಾರ್ಡು ತಿರುಗಿಸಿ ಹಿಂದಿನ ನಂಬರನ್ನು ನಿಧಾನವಾಗಿ ತನ್ನ ಫೋನಿನಲ್ಲಿ ಬರೆದುಕೊಂಡಳು.

"ನಾ ಯಾವ ಪೈಕಿ ಅಂತ ಆವತ್ತ ಗೊತ್ತಾಗತೈತಿ ಅವ್ವಾ" ಎಂದಳು.

ಆಮೇಲೆ ಆರು ಗುರುತುಗಳಿದ್ದ ಆ ಹಾಳೆಯನ್ನು ಹುಡುಕಿ ತೆಗೆದು, ಏಳನೆಯ ಪ್ರಶ್ನೆ ಕೇಳಲೇ ಎಂದಳು.