ಮೊಲಕ್ಕೊಂದು ಗೂಡು

ಎಪ್ಪತ್ತರ ದಶಕದ ಆ ದಿನಗಳಲ್ಲಿ ಕಲಘಟಗಿಯ ಚಳಿ ಯಾರ ಮುಲಾಜೂ ನೋಡುತ್ತಿರಲಿಲ್ಲ. ಭತ್ತದ ಕೊಯ್ಲು ಸುರುವಾಯಿತೆಂದರೆ ಮೂಡಗಾಳಿ ಹಿತ್ತಲ ಬಾಗಿಲನ್ನು ಬಡಿಯುತ್ತಲೇ ಇರುತ್ತಿತ್ತು. ಮುಂಜಾನೆ ಬಾವಿಯ ಹಗ್ಗ ಮುಟ್ಟಿದರೆ ಅಂಗೈ ಜುಮ್ಮೆನ್ನುತ್ತಿತ್ತು. ಅಂಥದರಲ್ಲಿ ಅಳ್ನಾವರದ ನನ್ನ ಸೋದರಮಾವ ಬಿದಿರು ಬುಟ್ಟಿಯಲ್ಲಿ ಎರಡು ಬಿಳಿ ಮೊಲ ತಂದುಕೊಟ್ಟು, ಸಂಜೆಯ ಬಸ್ಸು ಹಿಡಿದು ಹೋಗಿಬಿಟ್ಟ. ನಾನಾಗ ಮೂರನೆಯ ಇಯತ್ತೆಯ ಹುಡುಗಿ. ಒಂದಕ್ಕೆ ಹತ್ತಿ, ಇನ್ನೊಂದಕ್ಕೆ ಬೆಣ್ಣಿ ಎಂದು ಹೆಸರಿಟ್ಟೆ.

ಅಪ್ಪನ ತಾಯಿ, ನನ್ನ ಅಜ್ಜಿ, ಬುಟ್ಟಿಯನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಲಿಂಗಪೂಜೆಯ ಮನೆಯಲ್ಲಿ ಉಚ್ಚೆಯ ನಾತ ಬೇಡವೆಂದಳು. ಕೊಟ್ಟಿಗೆಯಲ್ಲಿಡೋಣವೆಂದರೆ ಎತ್ತು ತುಳಿಯುತ್ತದೆ, ಹೆಗ್ಗಣ ಬಿಡುವುದಿಲ್ಲ ಎಂದಳು. ಅವಳ ಮಾತು ನಿಜವೇ ಆಗಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

ಅಪ್ಪ ಸಾಲಿ ಮಾಸ್ತರ. ಅಂಗಡಿಯಿಂದ ಚಹಾಪುಡಿಯ ಖಾಲಿ ಪೆಟ್ಟಿಗೆ ತಂದು, ಮುಂದೆ ತಂತಿಯ ಜಾಳಿಗೆ ಬಡಿದು ಹಿತ್ತಲಲ್ಲಿಟ್ಟರು. ಗಾಳಿ ನೇರ ಒಳಗೇ ನುಗ್ಗಿತು. ಗೋಡೆಯ ಕಡೆ ತಿರುಗಿಸಿದೆವು. ಇಬ್ಬನಿ ಮೇಲಿಂದ ಇಳಿಯಿತು. ಗೋಣಿಚೀಲದ ಪರದೆ ಕಟ್ಟಿದೆ. ಮೊಲಗಳೆರಡೂ ಸೇರಿ ಅದನ್ನು ಕಡಿದು ಚಿಂದಿ ಮಾಡಿದವು. ಭತ್ತದ ಹುಲ್ಲು ಹಾಸಿದರೆ ಅರ್ಧ ತಿಂದು, ಉಳಿದರ್ಧ ತೋಯಿಸಿ, ಆ ಹಸಿಯ ಮೇಲೇ ಮುದುಡಿ ಕೂಡುತ್ತಿದ್ದವು. ದಿನಾ ಮುಂಜಾನೆ ಬೈಯುತ್ತ ಹುಲ್ಲು ಬದಲಿಸುತ್ತಿದ್ದೆ. ಪೆಟ್ಟಿಗೆಯ ತಳ ಉಬ್ಬಿ ಪದರು ಪದರಾಗಿ ಎದ್ದಿತು.

ಕೊನೆಗೆ ಅಪ್ಪ, ಕಾಲುಳ್ಳ ಒಂದು ಗೂಡು ಮಾಡಿಕೊಡಲು ಬಡಿಗೇರ ಕಲ್ಲಪ್ಪಜ್ಜನಿಗೆ ಹೇಳಿದರು. ಬಣ್ಣದ ತೊಟ್ಟಿಲಿಗೆ ಹೆಸರಾದ ಕೈ ಅವನದು. ಸಾಲಿ ಬಿಟ್ಟೊಡನೆ ಅವನ ಕಟ್ಟೆಗೆ ಓಡುತ್ತಿದ್ದೆ. ಕಟ್ಟಿಗೆ ಹೊಟ್ಟಿನ, ಕಾಯಿಸಿದ ಅರಗಿನ ವಾಸನೆಯ ನಡುವೆ ಅವನು ತೊಟ್ಟಿಲ ಕಾಲು ಕಡೆಯುತ್ತ ಕೂತಿರುತ್ತಿದ್ದ. ದಿನಾ ಅದೇ ಉತ್ತರ, ನಾಳೆ.

ಒಂದು ದಿನ ತಡೆಯಲಾಗದೆ ಜಗಳಕ್ಕೇ ನಿಂತೆ.

"ತೊಟ್ಟಲಾ ಮುಗೀಲಿ ತಡಿ ಯವ್ವಾ. ಹುಟ್ಟೂ ಕೂಸು ಕಾಯಂಗಿಲ್ಲ," ಎಂದ.

"ನನ್ನ ಮೊಲಾನೂ ಕಾಯಂಗಿಲ್ಲಜ್ಜಾ," ಎಂದೆ.

ಅವನು ನಕ್ಕ. ನನಗೆ ಅಳು ಬಂತು.

ಮಂಜು ಕವಿದ ಒಂದು ವಾರ ಹತ್ತಿಯ ಮೂಗು ಸೋರತೊಡಗಿತು. ಗಜ್ಜರಿ ಕೊಟ್ಟರೂ ಮೂಸಲಿಲ್ಲ. ಅವ್ವ ಕೆಂಡದ ಬೋಗುಣಿ ತಂದು ಪೆಟ್ಟಿಗೆಯ ಬಾಜು ಇಟ್ಟಳು. ಒಳಗೆ ತರುತ್ತೇನೆಂದು ಹಟ ಹಿಡಿದೆ. ಅಜ್ಜಿ ಹಿತ್ತಲ ಬಾಗಿಲಲ್ಲಿ ಅಡ್ಡ ನಿಂತು, "ಹೊಸ್ತಿಲ ಹೊರಗ ಎಷ್ಟರ ಜ್ವಾಕಿ ಮಾಡು, ಒಳಗ ಬ್ಯಾಡ," ಎಂದಳು. ಮರುದಿನ ಮುಂಜಾನೆ ಹತ್ತಿ ಸೆಟೆದಿತ್ತು. ಬೆಣ್ಣಿ ಅದಕ್ಕೆ ಅಂಟಿಕೊಂಡೇ ಕೂತಿತ್ತು.

ನಾನು ಊಟ ಬಿಟ್ಟೆ. ಅದನ್ನು ನೋಡಲಾರದೆ ಅಪ್ಪ, ಇನ್ನೊಂದೂ ಸತ್ತೀತೆಂದು, ನಾನು ಸಾಲಿಯಲ್ಲಿದ್ದಾಗ ಬೆಣ್ಣಿಯನ್ನು ದವಾಖಾನೆಯ ಕಂಪೌಂಡರನ ಮನೆಗೆ ಕೊಟ್ಟುಬಂದರು. ಅಲ್ಲಿ ಬೆಚ್ಚನೆಯ ಪಡಸಾಲೆ ಇತ್ತಂತೆ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಅದಾದ ಕೆಲವೇ ದಿನಕ್ಕೆ ಕಲ್ಲಪ್ಪಜ್ಜ ತಲೆಯ ಮೇಲೆ ಗೂಡು ಹೊತ್ತು ಬಂದ. ಇಳಿಜಾರು ಮಾಡು, ಕಡೆದ ನಾಲ್ಕು ಕಾಲು, ಮೈತುಂಬ ತೊಟ್ಟಿಲಿನಂತೆ ಕೆಂಪು ಹಳದಿ ಹೂಬಳ್ಳಿ. ಅಷ್ಟು ಚಂದದ ವಸ್ತು ನಮ್ಮ ಮನೆಯೊಳಗೂ ಇರಲಿಲ್ಲ. ಸಂಗತಿ ತಿಳಿದು ಅವನು ಹೆಗಲ ಟವೆಲಿನಿಂದ ಬಾಯಿ ಮುಚ್ಚಿಕೊಂಡ. "ಹುಡುಗೀದು, ಚಂದ ಇರ್ಲಿ ಅಂತ ಬಣ್ಣಾ ಹಾಕೂದ್ರಾಗ ತಡಾ ಆತ್ರಿ ಮಾಸ್ತರ," ಎಂದ.

ಬೆಣ್ಣಿಯನ್ನು ತಿರುಗಿ ತರೋಣವೆಂದೆ. ಕೊಟ್ಟದ್ದನ್ನು ಕೇಳಬಾರದೆಂದರು ಅಪ್ಪ. ಗೂಡು ಹಿತ್ತಲಲ್ಲಿ ಬಿಸಿಲು ಕಾಯುತ್ತ ನಿಂತಿತು. ಮಳೆಗಾಲದ ಹೊತ್ತಿಗೆ ಅಜ್ಜಿ ಅದರಲ್ಲಿ ಬೆರಣಿ ತುಂಬಿದಳು.

ಈಗ ಆ ಹಿತ್ತಲಲ್ಲಿ ಬೇರೆಯವರ ಮನೆ ಎದ್ದಿದೆ. ಕಲ್ಲಪ್ಪಜ್ಜನ ಕಟ್ಟೆಯಿದ್ದಲ್ಲಿ ಮೋಟರ್ ರಿಪೇರಿಯ ಅಂಗಡಿ. ಅಜ್ಜಿ, ಅಪ್ಪ, ಅವ್ವ ಒಬ್ಬೊಬ್ಬರಾಗಿ ಹೋದರು. ಇಷ್ಟು ವಯಸ್ಸಾದರೂ ಆ ಚಳಿಗಾಲ ನೆನೆದರೆ ಹಲ್ಲು ಕಚ್ಚುವಷ್ಟು ಸಿಟ್ಟು ಬರುತ್ತದೆ. ಹೋಗಿ ಜಗಳವಾಡೋಣವೆಂದರೆ ಊರಲ್ಲಿ ನನ್ನವರು ಒಬ್ಬರೂ ಉಳಿದಿಲ್ಲ.