ಮುಧೋಳದ ಆಯಿ ಬಡಿಸಿದ ಪಲ್ಲೆ

ಸುಳ್ಳು ಹೇಳಿ ಹೊಟ್ಟೆ ಹೊರೆದವರು ಊರಿಗೆ ನಾಲ್ಕು ಮಂದಿ ಸಿಗುತ್ತಾರೆ. ಸುಳ್ಳು ಕನಸು ಹೇಳಿ ಹೊಟ್ಟೆಯೊಳಗಿನ ಕೂಸಿಗೆ ಉಣಿಸಿದವಳು ಸೇಡಂ ಸೀಮೆಯಲ್ಲಿ ಶಿವಕಾಂತಮ್ಮ ಒಬ್ಬಳೇ ಇರಬೇಕು. ಹಾಗಂತ ಅವಳನ್ನು ಕಪಟಿ ಅನ್ನಬೇಡಿ ಮತ್ತೆ! ಕುರಕುಂಟಾದ ಹೊಲಗಳಲ್ಲಿ ಬೆಳೆದ, ಬಾಯಿ ಸತ್ತ ಹುಡುಗಿ ಅದು. ಅತ್ತೆಯ ಎದುರಿಗೆ ಇನ್ನೊಂದು ತುತ್ತು ಬೇಕು ಅನ್ನಲಿಕ್ಕೂ ನಾಚುತ್ತಿದ್ದಳು.

ಗಂಡ ಅಂಬಾರಾಯನಿಗೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ನೌಕರಿ ಹತ್ತಿ, ಮನೆ ಆದಿತ್ಯನಗರದ ಕ್ವಾರ್ಟರ್ಸಿಗೆ ಬಂದಿತ್ತು. ಬಂದ ದಿನವೇ ಅತ್ತೆ ಭೀಮಬಾಯಿ ಒಂದು ಹಟ ಹಿಡಿದಳು. ಈ ಮನೆಯಲ್ಲಿ ಸೊಸೆ ಉಣ್ಣುವುದು ಬಿಳಿ ಅನ್ನವನ್ನೇ. ಜೋಳದ ಸೀಮೆಯಲ್ಲಿ ಅನ್ನ ಅಂದರೆ ಹಬ್ಬಕ್ಕೆ, ಇಲ್ಲ ಬೀಗರು ಬಂದಾಗ. ಅಂಥದ್ದರಲ್ಲಿ ಶಿವಕಾಂತಮ್ಮನಿಗೆ ದಿನಾ ಎರಡು ಹೊತ್ತು ಅನ್ನ, ಮೇಲೆ ತಿಳಿಸಾರು, ಅದರ ಬೆನ್ನಿಗೇ ಕಡಕ್ ಚಹಾ, ಬಿಸ್ಕೀಟು. ಕಳೆ ಕಿತ್ತು ತಿನ್ನುವ ಕಾಲ ನನ್ನ ಜೊತೆಗೇ ಮುಗೀತು ಅನ್ನುತ್ತಿದ್ದಳು ಭೀಮಬಾಯಿ. ಪ್ರೀತಿ ಮಾಡುವುದರಲ್ಲಿ ಅವಳು ಯಾರಿಗೂ ಕಡಿಮೆ ಇರಲಿಲ್ಲ.

ಆದರೂ ಹೋದ ವರ್ಷ ಏಳು ತಿಂಗಳಿಗೇ ಹೆರಿಗೆಯಾಯಿತು. ಆ ಕೂಸು ಅಳಲೇ ಇಲ್ಲ. ಈಗ ದೀಪಾವಳಿ ಮುಗಿಯುವ ಹೊತ್ತಿಗೆ ಮತ್ತೆ ಬಸಿರು ಕಾಣಿಸುತ್ತಿತ್ತು, ಶಿವಕಾಂತಮ್ಮ ಮಾತ್ರ ಸೊರಗಿ ಕಡ್ಡಿಯಾಗಿದ್ದಳು. ಮೆಟ್ಟಿಲು ಹತ್ತಿದರೆ ಏದುಸಿರು. ಯಾರೂ ಇಲ್ಲದಾಗ ಹಿತ್ತಲಿನ ಮಣ್ಣು ಚಿವುಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ನರ್ಸಮ್ಮ ಕಮರುನ್ನೀಸಾ ಮನೆಗೆ ಬಂದು ಅವಳ ಕೆಳಗಿನ ರೆಪ್ಪೆ ಎಳೆದು ನೋಡಿದಳು. ನೋಡಿದ್ದೇ ಭೀಮಬಾಯಿಯ ಕಡೆ ತಿರುಗಿದಳು.

“ಈಕಿ ಮೈಯಾಗ ಖೂನ್ ಎಲ್ಲದ? ತತ್ತಿ ಏನರ ತಿಂತೀರೇನ್ರಿ?”

“ಯವ್ವಾ, ಲಿಂಗ ಕಟ್ಟಿದ ಮನಿ ನಮ್ದು!”

“ಬ್ಯಾಡ್ ಬಿಡ್ರಿ. ತತ್ತಿ ಇಲ್ದನೂ ಆಗ್ತದ. ತಪ್ಪಲ ಪಲ್ಲೆ, ಹಸರ ಸೊಪ್ಪು ತಿನ್ಸ್ರಿ, ಮ್ಯಾಲ ಲಿಂಬಿಹಣ್ಣ ಹಿಂಡ್ರಿ. ಬ್ಯಾಳಿ, ಕಾಳು, ಎಳ್ಳು, ಶೇಂಗಾ ಕೊಡ್ರಿ. ಊಟದ ಸಂಗಾಟ ಚಹಾ ಬಂದ್ ಮಾಡ್ರಿ. ಈ ಗುಳಗಿ ದಿನಾ ನುಂಗ್ಲಿ. ಬರೇ ಅನ್ನದ ಮ್ಯಾಲ ಇಟ್ರ ಹೋದ ವರ್ಷದಂಗೇ ಆಗ್ತದ ನೋಡ್ರಿ.”

ನರ್ಸಮ್ಮ ಬಾಗಿಲು ದಾಟಿದಳೋ ಇಲ್ಲವೋ, ಭೀಮಬಾಯಿ ಗುಳಿಗೆಯ ಪೊಟ್ಟಣವನ್ನು ಎತ್ತರದ ಮಾಡದಲ್ಲಿಟ್ಟಳು. “ಅಕಿಗೇನ್ ಗೊತ್ತು? ತಪ್ಪಲ ಪಲ್ಲೆ ತಂಪು, ಕೂಸಿಗಿ ಶೀತ. ಎಳ್ಳ ಹೀಟು, ಬಸರ ನಿಂದ್ರಂಗಿಲ್ಲ. ಗುಳಗಿ ನುಂಗಿದ್ರ ಕೂಸು ಕರ್ರಗ ಹುಟ್ತದ.” ಅತ್ತೆ ಹೇಳಿದ್ದಕ್ಕೆಲ್ಲ ಹೂಂ ಅಂದು ಶಿವಕಾಂತಮ್ಮ ಒಳಗೆ ಹೋಗಿ ಅತ್ತಳು. ಈ ಕೂಸೂ ಹೋಗುತ್ತದೆ ಅಂತ ಅವಳಿಗೆ ಖಾತ್ರಿಯಾಗಿತ್ತು.

ಅದರ ಮರುದಿನ ನಸುಕಿನಲ್ಲಿ ಅವಳಿಗೆ ಒಂದು ಕನಸು ಬಿತ್ತು. ಕುರಕುಂಟಾದ ಬಿಳಿಜೋಳದ ಹೊಲ. ಎದೆಮಟ್ಟದ ಬೆಳೆಯ ನಡುವೆ ಮಂಜು ಕೂತಿದೆ, ಕಾಲ ಕೆಳಗೆ ಕರಿಮಣ್ಣು ತಣ್ಣಗೆ ಮೆತ್ತಗಿದೆ. ಸಾಲಿನ ಕೊನೆಗೆ ಸೀರೆ ಕಚ್ಚೆ ಹಾಕಿದ ಒಬ್ಬ ಮುದುಕಿ, ಉಡಿ ತುಂಬ ಹೊಲದ ಕಳೆಯ ಜೊತೆ ಬೆಳೆಯುವ ಹತ್ತರಕಿ ಸೊಪ್ಪಿನ ಎಲೆ. ಮುದುಕಿ ಮಾತಾಡಲಿಲ್ಲ. ಎಲೆಯ ಮೇಲಿನ ಇಬ್ಬನಿಯನ್ನು ಸೆರಗಿಗೆ ಒರೆಸಿದಳು, ರೊಟ್ಟಿಯ ಮೇಲೆ ಹಸಿಯಾಗಿಯೇ ಹರವಿದಳು, ಖಾರ ಉದುರಿಸಿ ನಾಲ್ಕು ಹನಿ ಎಣ್ಣೆ ಬಿಟ್ಟು ಸುತ್ತಿದಳು, ಬಾಯಿಗೇ ಇಟ್ಟಳು. ಕಹಿ, ಸವಿ, ಮಣ್ಣಿನ ವಾಸನೆ ಎಲ್ಲ ಒಟ್ಟಿಗೇ. ಬೆಳೆಯೆಲ್ಲ ಒಮ್ಮೆ ತೂಗಿತು, ಹೊಟ್ಟೆಯೊಳಗೆ ಕೂಸು ಒದೆಯಿತು. ಎಚ್ಚರಾದಾಗ ಶಿವಕಾಂತಮ್ಮ ಬರೀ ಬಾಯಿ ಅಗಿಯುತ್ತಿದ್ದಳು.

“ಏನ್ ತಿನ್ಲಿಕತ್ತಿ ಹುಡುಗಿ?” ಕಸಬರಿಗೆ ಹಿಡಿದು ಭೀಮಬಾಯಿ ತಲೆದೆಸೆಗೇ ನಿಂತಿದ್ದಳು.

ನಿದ್ದೆಗಣ್ಣಿನಲ್ಲಿ ಅವಳು ಕಂಡದ್ದನ್ನೆಲ್ಲ ಹೇಳಿಬಿಟ್ಟಳು. ಭೀಮಬಾಯಿಯ ಕೈಯಿಂದ ಕಸಬರಿಗೆ ಜಾರಿತು.

“ಗದ್ದದ ಮ್ಯಾಲ ಹಚ್ಚಿ ಇತ್ತೇನು?”

“ಇತ್ರಿ ಅತ್ತಿ.” ಈ ಕಡೆ ಗದ್ದಕ್ಕೆ ಹಚ್ಚೆ ಹಾಕಿಸದ ಮುದುಕಿ ಎಲ್ಲಿದ್ದಾಳೆ ಹೇಳಿ!

“ನಮ್ಮವ್ವ! ನಮ್ಮವ್ವ ಬಂದಿದ್ಳು!” ಭೀಮಬಾಯಿ ಅಲ್ಲೇ ನೆಲಕ್ಕೆ ಕೂತು ಕೈ ಮುಗಿದಳು. ಮುಧೋಳದ ಅವಳ ತಾಯಿ ತೀರಿ ಅಂಬಾರಾಯನ ವಯಸ್ಸಿನಷ್ಟೇ ಕಾಲವಾಗಿತ್ತು. ಅಂದು ಹೊತ್ತೇರುವುದರೊಳಗೆ ಭೀಮಬಾಯಿ ಕಾಲನಿಯಾಚೆಯ ಹೊಲಗಳನ್ನು ತಿರುಗಿ ಬಂದಳು. ಉಡಿಯಲ್ಲಿ ಹತ್ತರಕಿ ಇತ್ತು. ಸತ್ತ ತಾಯಿ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ?

ಮರುದಿನ ಕನಸು ಬೀಳಲಿಲ್ಲ. ಹಸಿವೆ ಮಾತ್ರ ತಪ್ಪದೆ ಬಂತು. ಅತ್ತೆ ಹಾಸಿಗೆಯ ಹತ್ತಿರ ಕೂತು “ಅವ್ವ ಬಂದಿದ್ಳೇನು?” ಅಂದಾಗ ಶಿವಕಾಂತಮ್ಮ “ಬಂದಿದ್ಳರಿ. ತೊಗರಿಬ್ಯಾಳಿ ಹಾಕಿದ ಪುಂಡಿ ಪಲ್ಲೆ ತಂದಿದ್ಳು” ಅಂದಳು. ಮಧ್ಯಾಹ್ನಕ್ಕೆ ಹುಳಿಸೊಪ್ಪಿನ ಆ ಪುಂಡಿ ಪಲ್ಲೆ ಆಯಿತು. ಅಲ್ಲಿಂದ ಮುಂದೆ ಮುಧೋಳದ ಆಯಿಗೆ ಪುರುಸೊತ್ತೇ ಇಲ್ಲ. ಒಂದು ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಒಂದು ದಿನ ಮೊಳಕೆ ಬಂದ ಮಡಕಿ ಕಾಳು, ಇನ್ನೊಂದು ದಿನ ಬೆಲ್ಲದ ಜೊತೆ ಹುರಿದ ಶೇಂಗಾ. ಗುಳಿಗೆ ಯಾವ ಮಾಡದಲ್ಲಿದೆ ಅಂತಲೂ ಆಯಿಗೆ ಗೊತ್ತಿತ್ತು!

ಚಹಾದ ವಿಷಯಕ್ಕೆ ಮಾತ್ರ ಸಿಕ್ಕಿಬೀಳುವುದರಲ್ಲಿದ್ದಳು.

“ಊಟ ಆದ್ಕೂಡ್ಲೆ ಚಹಾ ಕುಡೀಬ್ಯಾಡ ಅಂದಳೇನು?” ಭೀಮಬಾಯಿ ಹುಬ್ಬೇರಿಸಿದಳು. “ನಮ್ಮವ್ವ ತನ್ನ ಜಲ್ಮದಾಗ ಚಹಾ ಕಂಡಾಕಿ ಅಲ್ಲ.”

“ಅದ್ಕೇ ಕೇಳಿದ್ಳರಿ. ಈ ಕೆಂಪು ನೀರ ಏನು, ಕೂಸಿಗಿ ಯಾಕ ಕುಡ್ಸ್ತೀರಿ ಅಂತ.”

ಭೀಮಬಾಯಿ ಒಲೆಯ ಮೇಲಿನ ಚಹಾದ ಪಾತ್ರೆ ಇಳಿಸಿದಳು. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ಬರುವಷ್ಟರಲ್ಲಿ ಶಿವಕಾಂತಮ್ಮನ ಕೆನ್ನೆಗೆ ಬಣ್ಣ ಬಂತು, ಮಣ್ಣಿನ ಆಸೆ ಬಿಟ್ಟುಹೋಯಿತು. ಆ ಹಬ್ಬದ ದಿನ ಹೊಲದಲ್ಲಿ ಕೂತು ಎಲ್ಲ ಸೊಪ್ಪು, ಎಲ್ಲ ಕಾಳು ಕೂಡಿಸಿ ಕುದಿಸಿದ ಭಜ್ಜಿಯನ್ನು ಅವಳು ಮೂರು ಸಲ ಹಾಕಿಸಿಕೊಂಡಳು. ನರ್ಸಮ್ಮ ರೆಪ್ಪೆ ಎಳೆದು ನೋಡಿ “ಭಾಳ ಛಲೋ ಆತು” ಅಂದಳು.

ಶಿವಕಾಂತಮ್ಮನಿಗೆ ಮಾತ್ರ ತಾನು ಹೇಳಿದ ಸುಳ್ಳು ಒಳಗೊಳಗೇ ಚುಚ್ಚುತ್ತಿತ್ತು. ಭೀಮಬಾಯಿ ಈಗ ದಿನಾ ಮುಂಜಾನೆ ಮುಖ ತೊಳೆದು, ತಲೆ ಬಾಚಿ, ತಾಯಿಯ ಸುದ್ದಿಗೆ ಕಾದು ಕೂಡುತ್ತಿದ್ದಳು. “ಅವ್ವ ಸೊರಗ್ಯಾಳೇನು? ಕಾಲಿಗಿ ಚಪ್ಪಲಿ ಇದ್ವೇನು?” ಅಂತ ಕೇಳುವಳು. ಪಾಪ ಅನ್ನಿಸಿ ಶಿವಕಾಂತಮ್ಮ ಕನಸಿನ ಆಯಿಗೆ ಹೊಸ ಚಪ್ಪಲಿ, ಹೊಸ ಸೀರೆ ಎಲ್ಲ ಕೊಟ್ಟಳು. ಕೂಸು ಕೈಗೆ ಬರಲಿ, ಕಾಲಿಗೆ ಬಿದ್ದು ಎಲ್ಲ ಹೇಳಿಬಿಡುತ್ತೇನೆ ಅಂದುಕೊಂಡಳು.

ಹೋಳಿಹುಣ್ಣಿಮೆಯ ಮುಂಚೆ, ದಿನ ತುಂಬಿ ಹೆಣ್ಣುಕೂಸು ಹುಟ್ಟಿತು. ಕಪ್ಪಗೆ, ಗುಂಡಗೆ. ಅತ್ತ ಅಳುವಿಗೆ ಪಕ್ಕದ ಕ್ವಾರ್ಟರ್ಸಿನವರು ಎದ್ದು ಬಂದರು. ಕಮರುನ್ನೀಸಾ ಕೂಸನ್ನು ಕೈಗಿಟ್ಟಾಗ ಭೀಮಬಾಯಿ “ಕರ್ರಗಿದ್ರ ಇರಲಿ ಬಿಡ್ರಿ, ನಮ್ಮವ್ವನ ಬಣ್ಣ” ಅಂದಳು.

ಕೆಲವು ದಿನ ಕಳೆದ ಮೇಲೆ, ಬಾಗಿಲಿನ ಎಳೆಬಿಸಿಲಿಗೆ ಕಾಲು ಚಾಚಿ ಕೂತು ಭೀಮಬಾಯಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಶಿವಕಾಂತಮ್ಮ ಗಟ್ಟಿ ಮನಸ್ಸು ಮಾಡಿ ಹತ್ತಿರ ಕೂತಳು.

“ಅತ್ತಿ, ನಿಮಗೊಂದ್ ಮಾತ ಹೇಳೋದದರಿ.”

“ನಂದೂ ಒಂದ್ ಅದ, ಮೊದ್ಲ ಕೇಳು.” ಭೀಮಬಾಯಿ ತಲೆ ಎತ್ತಲಿಲ್ಲ. “ಅಂಬಾರಾಯ ಹೊಟ್ಯಾಗಿದ್ದಾಗ ಮುಧೋಳದಾಗ ಮಳಿ ಆಗ್ಲಿಲ್ಲ. ಮನ್ಯಾಗ ಜ್ವಾಳ ಇರ್ಲಿಲ್ಲ. ಅವ್ವ ಹೊಲ ತಿರುಗಿ ಪಲ್ಲೆ ತರ್ತಿದ್ಳು, ಇದ್ದೊಂದು ರೊಟ್ಟಿ ನನಗೇ ಹಾಕ್ತಿದ್ಳು. ನಾ ಉಂಡೆ, ಹಡದೆ. ಅಕಿ ಅದೇ ತಿಂಗಳ ಹೋದಳು. ಅವತ್ತಿಂದ ಆ ಪಲ್ಲೆ ನಾ ಬಾಯಾಗ ಇಟ್ಟಿಲ್ಲ. ಇನ್ನ ಅಕಿ ಬರ್ತಾಳೋ ಇಲ್ಲೋ. ಬಂದ್ರ ನನ್ನ ಸಲುವಾಗಿ ಒಂದ ಕೇಳವ್ವಾ. ಅಲ್ಲಿಯರ ಊಟ ಮಾಡೀಯೇನು ಅಂತ.”

ಶಿವಕಾಂತಮ್ಮ ಹೇಳಲಿಕ್ಕೆ ಬಂದದ್ದನ್ನು ಬಿಟ್ಟು, ಎಣ್ಣೆಯ ಬಟ್ಟಲನ್ನು ಅತ್ತೆಯ ಹತ್ತಿರ ಸರಿಸಿದಳು.

“ಇವತ್ತ ನಸುಕಿನ್ಯಾಗೇ ಬಂದಿದ್ಳರಿ,” ಅಂದಳು. “ನಾನೇ ಕೇಳ್ದೆ, ಆಯಿ ನಿಂದು ಊಟ ಅಂತ.”

“ಏನಂದಳು?”

“ನಂದ್ ಆಗ್ಯಾದ, ನೀ ಉಣ್ಣು ಅಂದಳು.”

ಭೀಮಬಾಯಿ ಸೊಸೆಯ ಮುಖವನ್ನೇ ನೋಡಿದಳು. ಆಮೇಲೆ ನಗಲಿಕ್ಕೆ ಹತ್ತಿದಳು. ನಗುತ್ತಿದ್ದಂತೆಯೇ ಕಣ್ಣೀರು ಕೂಸಿನ ಮೈಮೇಲೆ ಬಿದ್ದು ಎಣ್ಣೆಯೊಳಗೆ ಹರಿಯಿತು.

“ಅಕೀನೇ! ಖರೇನ ನಮ್ಮವ್ವನೇ ಬಂದಾಳ. ದಿನಾ ಹಿಂಗೇ ಅಂತಿದ್ಳು ಆ ಸುಳ್ಳಬುರುಕಿ!”