ಅತ್ತೆಯ ಸಾಫ್ಟು

ಹೋದ ವಾರ ಮಗಳು ಒಂದು ಪೊಟ್ಟಣ ತಂದು ನನ್ನ ಮಡಿಲಲ್ಲಿಟ್ಟಳು. ಅವಳಿಗೀಗ ಐದು ತಿಂಗಳು. ಹುಟ್ಟಲಿರುವ ಕೂಸಿಗೆಂದು ಬಟ್ಟೆ ಕೊಂಡಿದ್ದಾಳೆ. ಪೊಟ್ಟಣದ ಮೇಲೆ ‘ಸಾಫ್ಟ್’ ಎಂದು ಮೂರು ಕಡೆ ಅಚ್ಚಾಗಿತ್ತು. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವಳು ನಾನು. ಆ ಪದದ ಅರ್ಥವನ್ನು ಎಷ್ಟು ಮಕ್ಕಳಿಂದ ಬರೆಸಿದ್ದೇನೋ. ಆದರೂ ಅದನ್ನು ಕಂಡೊಡನೆ ನೆನಪಾದದ್ದು ಒಂದಕ್ಷರ ಇಂಗ್ಲಿಷ್ ಓದದ ನಮ್ಮತ್ತೆ.

ನಂಜನಗೂಡಿನ ನಮ್ಮತ್ತೆಗೆ ಬರುತ್ತಿದ್ದದ್ದು ಅದೊಂದೇ ಇಂಗ್ಲಿಷ್ ಪದ. ಗಂಟು ಹೊತ್ತು ಬರುತ್ತಿದ್ದ ಸೀರೆ ಮಾರುವವನಿಂದ ಕಲಿತದ್ದಂತೆ. ಇಡ್ಲಿ ಸಾಫ್ಟು, ರಸಬಾಳೆ ಸಾಫ್ಟು, ಜಗಳವಾಡದ ಪಕ್ಕದ ಮನೆಯ ಮೇಷ್ಟ್ರೂ ಸಾಫ್ಟು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಆ ಹೊಗಳಿಕೆ ನನಗೆ ಮಾತ್ರ ಸಿಗಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಹೆಣ್ಣು ನೋಡಲು ಅವರು ಟಿ. ನರಸೀಪುರಕ್ಕೆ, ನಮ್ಮ ಮನೆಗೆ ಬಂದಿದ್ದರು. ತಲೆ ತಗ್ಗಿಸಿ ಕೂತ ನನಗೆ ಅವರ ಮುಖ ಕಾಣಲಿಲ್ಲ; ಕಂಡದ್ದು ಗಂಜಿ ಬಿಡದ ಹೊಸ ಹತ್ತಿ ಸೀರೆಯ ಅಂಚು. ಪಾಚಿ ಹಸಿರಿಗೆ ಕುಂಕುಮ ಬಣ್ಣದ ಅಂಚು, ಕಾಗದದ ಹಾಗೆ ಸೆಟೆದು ನಿಂತಿತ್ತು. ಸಂಬಳ ಎಷ್ಟು, ಮದುವೆಯಾದ ಮೇಲೂ ಕೆಲಸಕ್ಕೆ ಹೋಗುತ್ತೀಯಾ ಎಂದು ಕೇಳಿದ್ದಕ್ಕೆ ನಾನು ಪಟಪಟನೆ ಉತ್ತರಿಸಿದೆ. ಹೊರಡುವಾಗ ಜಗಲಿಯಲ್ಲಿ ಅವರು ಮಗನಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು: “ಉಡ್ಗಿ ಓದವ್ಳೆ, ಸರಿ. ಆದ್ರೆ ಸಾಫ್ಟಿಲ್ಲ ಕಣಪ್ಪ.”

ಮದುವೆಯೇನೋ ಆಯಿತು. ಮಾತು ಮಾತ್ರ ಮುಳ್ಳಿನ ಹಾಗೆ ಒಳಗೇ ಉಳಿಯಿತು. ಅದಕ್ಕೆ ನಾನೂ ಸಿಕ್ಕಲ್ಲೆಲ್ಲ ಸೇಡು ತೀರಿಸಿಕೊಳ್ಳುತ್ತಿದ್ದೆ. ನಾನು ಬಸುರಿಯಾದಾಗಿನಿಂದ ಅತ್ತೆ ದಿನಾ ಅದೇ ಹಸಿರು ಸೀರೆ ಉಡಲು ಶುರುಮಾಡಿದರು. ಬೆಳಗ್ಗೆ ಕಪಿಲೆಗೆ ಹೋಗಿ ಕಲ್ಲಿನ ಮೇಲೆ ಕುಕ್ಕಿ ಒಗೆದು, ಒಣಗಿಸಿ, ಮತ್ತೆ ಅದನ್ನೇ ಉಡುವುದು. ಶಾಲೆಯ ಟೀಚರುಗಳು ಮನೆಗೆ ಬಂದರೆ ನನಗೆ ನಾಚಿಕೆ. “ಬೀರು ತುಂಬ ಸೀರೆ ಇದ್ದರೂ ನಿಮ್ಮ ತಾಯಿ ಯಾಕೆ ಹೀಗೆ ನನ್ನ ಮಾನ ಕಳೀತಾರೆ?” ಎಂದು ಗಂಡನ ಪ್ರಾಣ ತಿಂದೆ. ಅವರು ಎಂದಿನಂತೆ ಪೇಪರಿನಲ್ಲಿ ಮುಖ ಮುಚ್ಚಿಕೊಂಡರು.

ಸೀಮಂತ ಮುಗಿಸಿಕೊಂಡು ತವರಿಗೆ ಬಂದೆ. ಹುಟ್ಟುವ ಮೊದಲೇ ಕೂಸಿಗೆ ಹೊಸ ಬಟ್ಟೆ ತರಬಾರದೆಂದು ಅಮ್ಮ ಬೇಡಿಕೊಂಡರೂ ಕೇಳದೆ, ಮೈಸೂರಿನಿಂದ ಒಳ್ಳೆ ಅಂಗಿ, ಟವೆಲು ತರಿಸಿದೆ. ಓದಿದವಳಲ್ಲವೇ. ಮಗಳು ಮೂರು ವಾರ ಮೊದಲೇ ಹುಟ್ಟಿದಳು, ಈರುಳ್ಳಿ ಸಿಪ್ಪೆಯಂಥ ಚರ್ಮ. ಹೊಸ ಬಟ್ಟೆ ತಗುಲಿ ಕತ್ತು, ಕಂಕುಳೆಲ್ಲ ಕೆಂಡದ ಹಾಗಾಯಿತು. ಎರಡು ದಿನ ಅತ್ತಳು, ಮೊಲೆ ಹಿಡಿಯಲೊಲ್ಲಳು. ಮುಲಾಮು ಕೊಟ್ಟ ಡಾಕ್ಟರು, ಹಾಲು ಕುಡಿಯದಿದ್ದರೆ ನಾಳೆ ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ ಎಂದುಬಿಟ್ಟರು.

ಅಂದು ಮಧ್ಯಾಹ್ನ ಅತ್ತೆ ಬಸ್ಸಿಳಿದು ಬಂದರು. ಕೂಸನ್ನು ಒಮ್ಮೆ ನೋಡಿದರು. ಯಾರನ್ನೂ ಬೈಯಲಿಲ್ಲ. ಕೈಕಾಲು ತೊಳೆದು ಬಂದು ಚೀಲದಿಂದ ಹಸಿರು ಸೀರೆ ತೆಗೆದರು. ಬಣ್ಣವೆಲ್ಲ ಹೋಗಿ ಹಾಲಿಗೆ ಚೂರು ಹಸಿರು ಬೆರೆಸಿದ ಹಾಗಿತ್ತು. ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಸರ್ರನೆ ಹರಿದು, ಕೂಸಿನ ಮೈಮೇಲಿದ್ದದ್ದನ್ನೆಲ್ಲ ಕಳಚಿ ಅದರಲ್ಲಿ ಸುತ್ತಿದರು. ಸ್ವಲ್ಪ ಹೊತ್ತಿಗೆ ಅಳು ಇಳಿಯಿತು. ಸಂಜೆಗೆ ಮೊಲೆ ಹಿಡಿಯಿತು.

“ಇದಕ್ಕಾ ಅತ್ತೆ, ದಿನಾ ಉಡ್ತಾ ಇದ್ದದ್ದು?”

“ಇನ್ನೇನ್ಕವ್ವ? ಅಂಗ್ಡೀಲಿ ಸಿಕ್ಕಕಿಲ್ಲ ಇದು. ಮೈಮೇಲಾಕಂಡು, ಒಗ್ದು ಒಗ್ದು ಸಾಫ್ಟ್ ಮಾಡ್ಕಬೇಕು.”

ಹೆರಿಗೆಯಾದವಳಿಗೆ ಧೈರ್ಯ ಹೆಚ್ಚು. ಕೇಳಿಯೇಬಿಟ್ಟೆ: “ಅವತ್ತು ನಾನು ಸಾಫ್ಟಿಲ್ಲ ಅಂದ್ರಲ್ಲ?”

ಅತ್ತೆ ಇನ್ನೊಂದು ತುಂಡು ಹರಿಯುತ್ತ, “ಅಂದಿದ್ದೆ. ಸುಳ್ಳಾ? ಬಂದ ಒಸ್ದರಲ್ಲಿ ನಾನೂ ಇರ್ನಿಲ್ಲ ಕಣವ್ವ. ನಮ್ಮತ್ತೇನ ಕೇಳಿದ್ರೆ ಏಳೋರು,” ಎಂದರು. ನನಗೆ ಅಳು ಬಂತು. ಬಾಣಂತಿ ಅಳಬಾರದೆಂದು ಗದರಿ, ಅದೇ ಸೀರೆಯ ಸೆರಗಿನ ತುಂಡಿನಲ್ಲಿ ಮುಖ ಒರೆಸಿದರು.

ಅವರು ಹೋಗಿ ಹದಿನೈದು ವರ್ಷದ ಮೇಲಾಯಿತು. ಹೋದ ವಾರ ಮಗಳು ಕೊಟ್ಟ ಪೊಟ್ಟಣ ಪಕ್ಕಕ್ಕಿಟ್ಟು ಬೀರು ಹುಡುಕಿದೆ. ರೇಷ್ಮೆ, ಪಾಲಿಯೆಸ್ಟರು, ಒಮ್ಮೆ ಉಟ್ಟು ಮಡಿಸಿಟ್ಟವು. ಕೂಸಿಗಾಗುವಂಥದ್ದು ಒಂದೂ ಇರಲಿಲ್ಲ. ಬನ್ನೂರಿನ ಸಂತೆ ಬೀದಿಯಲ್ಲಿ ಒಂದು ಹತ್ತಿ ಸೀರೆ ಕೊಂಡು ತಂದೆ. ವಾಷಿಂಗ್ ಮೆಷಿನ್ನಿಗೆ ಹಾಕಲು ಮನಸ್ಸು ಬರಲಿಲ್ಲ. ಹಿತ್ತಿಲ ಕಲ್ಲಿನ ಮೇಲೆ ಕೈಯಲ್ಲೇ ಒಗೆಯುತ್ತೇನೆ, ಒಣಗಿದ್ದೇ ಉಡುತ್ತೇನೆ. ಮಂಡಿ ಬೈಯುತ್ತದೆ.

“ನಿಂಗೆ ಬೇರೆ ಸೀರೇನೇ ಇಲ್ವಾಮ್ಮ? ನೋಡಿದೋರು ಏನಂದ್ಕೋತಾರೆ?” ಎಂದಳು ಮಗಳು ಇವತ್ತು ಬೆಳಗ್ಗೆ, ಥೇಟ್ ನನ್ನದೇ ಮುಖ ಮಾಡಿಕೊಂಡು.

ಸೆರಗನ್ನು ಕೆನ್ನೆಗೆ ಒತ್ತಿ ನೋಡಿದೆ. “ಇನ್ನೂ ನಾಲ್ಕು ತಿಂಗಳಿದೆ, ಸುಮ್ನಿರೇ,” ಎಂದೆ.